ಶೆಡ್ಡಿನ ಮೂಲೆಯ ಪೆಟ್ರೋಲ್ ಎಂಜಿನ್

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಶೆಡ್ಡಿನಲ್ಲಿ ಹಳೆಯ ಜೀಪೊಂದು ನಿಂತಿತ್ತು. ಮಂಡಿಯೂರಿ ಕುಳಿತು ರೇಡಿಯೇಟರಿನ ಕೆಳಗೆ ಟಾರ್ಚ್ ಬಿಟ್ಟೆ. ಚಾಸಿಯ, ಅಂದರೆ ಗಾಡಿಯ ಅಡಿ ಚೌಕಟ್ಟಿನ, ಅಡ್ಡಪಟ್ಟಿ ಕೊಳವೆಯಂತೆ ದುಂಡಗಿತ್ತು. ಎರಡನೇ ಮಹಾಯುದ್ಧದ ಕಾಲದ ಜೀಪುಗಳಲ್ಲಿ ಅದು ದುಂಡಗಿದ್ದರೆ ವಿಲ್ಲೀಸ್, ಚೌಕವಾಗಿದ್ದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿತ್ತು.

ಈ ಎರಡು ಕಂಪನಿಗಳು 1941ರಿಂದ 1945ರವರೆಗೆ ತಯಾರಿಸಿದ ಜೀಪುಗಳು 6 ಲಕ್ಷಕ್ಕೂ ಹೆಚ್ಚು. ಇಷ್ಟೊಂದು ಇದ್ದ ಗಾಡಿ ಅಪರೂಪವಾಗುವುದು ಹೇಗೆ? ಮೊದಲ ಸುಮಾರು 25,000 ವಿಲ್ಲೀಸ್‌ಗಳ ಮುಂಭಾಗಕ್ಕೆ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಗ್ರಿಲ್ ಇತ್ತು. 1942ರಲ್ಲಿ ತಗಡಿನಲ್ಲಿ ಒತ್ತಿದ ಗ್ರಿಲ್ ಬಂದ ಮೇಲೆ ಅದು ನಿಂತಿತು. ಸಂಗ್ರಾಹಕರು ಮುಗಿಬೀಳುವುದು ಆ ಹಳೆಯ ಗ್ರಿಲ್ಲಿಗೆ. ಅದು ಹುಟ್ಟಿನಿಂದಲೇ ಬಂದ ಅಪರೂಪ. ನಮ್ಮ ಮಲೆನಾಡಿನ ಕಥೆ ಬೇರೆ.

ಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಜೀಪುಗಳು ಡಿಸ್ಪೋಸಲ್ ಮಾಲಾಗಿ ಮಾರಾಟವಾದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸತೊಡಗಿತು. ಎತ್ತರದ ಹರಿಕೇನ್ ಪೆಟ್ರೋಲ್ ಎಂಜಿನ್ನಿಗಾಗಿ ಬಾನೆಟ್ ಎತ್ತರಿಸಿದ ಸಿಜೆ-3ಬಿ ಎಂಬ ಜೀಪು ಮಾದರಿ ದಶಕಗಟ್ಟಲೆ ತಯಾರಾಯಿತು. ಕಳಸದಿಂದ ಸಕಲೇಶಪುರದವರೆಗೆ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಕೆಲಸದಾಳುಗಳು, ರಾತ್ರೋರಾತ್ರಿ ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲರಿಗೂ ಎಲ್ಲಕ್ಕೂ ಜೀಪೇ. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಎಂಜಿನ್ ಕೂರಿಸಿದರು. ತುಕ್ಕು ತಿಂದ ಬಾಡಿಗೆ ಹೊಸ ತಗಡು ಹೊದಿಸಿದರು. ಅದನ್ನು ತಪ್ಪೆಂದು ನಾನು ಹೇಳಲಾರೆ, ಮಳೆಗಾಲದ ಕೆಸರಿನ ಏರು ಹತ್ತಿದವರಿಗೇ ಅದರ ಕಷ್ಟ ಗೊತ್ತು. ಆದರೆ ಕಾರ್ಖಾನೆಯಿಂದ ಬಂದ ಎಂಜಿನ್ನನ್ನೇ ಉಳಿಸಿಕೊಂಡ ಜೀಪು ಇಂದು ಹುಡುಕಿದರೂ ಸಿಗದಂತಾಗಿರುವುದು ಇದರಿಂದಲೇ.

2021ರ ಕೇಂದ್ರ ನಿಯಮವೂ ಇದನ್ನೇ ಕೇಳುತ್ತದೆ. ವಿಂಟೇಜ್ ಎನಿಸಿಕೊಳ್ಳಲು ನೋಂದಣಿಯಾಗಿ 50 ವರ್ಷ ದಾಟಿದ್ದರೆ ಸಾಲದು. ಚಾಸಿ, ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲೇ ಇರಬೇಕು. ಆಗ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಸಿಗುತ್ತದೆ, ಆದರೆ ದಿನಬಳಕೆಗೆ ಓಡಿಸುವಂತಿಲ್ಲ.

ಆ ಶೆಡ್ಡಿನ ಜೀಪಿಗೂ ಡೀಸೆಲ್ ಎಂಜಿನ್ನೇ ಇತ್ತು. ಮೂಲೆಯಲ್ಲಿ ಗೋಣಿಚೀಲ ಹೊದ್ದು ಬಿದ್ದಿದ್ದ ಹಳೆಯ ಪೆಟ್ರೋಲ್ ಎಂಜಿನ್ನನ್ನು ಗುಜರಿಗೆ ಹಾಕುವುದೆಂದು ತೋಟದ ಯಜಮಾನರು ನಿಶ್ಚಯಿಸಿದ್ದರು. ಒಂದು ದಿನ ತಡೆಯಿರಿ ಎಂದು ಬೇಡಿಕೊಂಡೆ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಎಣ್ಣೆಜಿಡ್ಡು ಒರೆಸಿದಾಗ ಒಂದೊಂದೇ ಅಂಕಿ ಮೇಲೆದ್ದಿತು. ಮನೆಯ ಕಪಾಟಿನಿಂದ ತಂದ ಹಳೆಯ ಆರ್‌ಸಿ ಪುಸ್ತಕದಲ್ಲಿದ್ದ ಎಂಜಿನ್ ಸಂಖ್ಯೆಯೂ ಅದೇ.