“ಇವ್ರಿಗಿ ಜ್ವರ ಬಂದಾವ್ರಿ”: ಕೋಡಿಪೆಂಡೆನ್ಸಿ ಎಂಬ ಪದ ನಡೆದು ಬಂದ ದಾರಿ

ಕಲಬುರಗಿಯ ನಮ್ಮ ಓಣಿಯಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಒಂದು ಫೋನ್ ಹೋಗುತ್ತಿತ್ತು. ಪಕ್ಕದ ಮನೆಯ ಅಕ್ಕ ಮೇಸ್ತ್ರಿಗೆ ಮಾಡುವ ಫೋನ್. “ಅಣ್ಣಾ, ಇವ್ರಿಗಿ ಜ್ವರ ಬಂದಾವ್ರಿ. ಇವತ್ತೊಂದಿನ ಬಿಡ್ರಿ, ನಾಳಿ ನಾನೇ ಕಳಸ್ತೀನಿ.” ನಡುವೆ ಇರುವುದು ಒಂದೇ ಗೋಡೆ, ಎಲ್ಲ ಕೇಳುತ್ತಿತ್ತು. ಸೆಂಟ್ರಿಂಗ್ ಕೆಲಸದ ಗಂಡ ಚಪ್ಪಲಿ ಸಮೇತ ಬೋರಲು ಬಿದ್ದಿರುತ್ತಿದ್ದ. ಅದು ಎಂಥ ಜ್ವರ ಅಂತ ಓಣಿಗೆಲ್ಲ ಗೊತ್ತು. ಕಿರಾಣಿ ಅಂಗಡಿಯ ಉದ್ರಿ ತೀರಿಸುವವಳೂ ಅವಳೇ, ಸಂಘದಲ್ಲಿ ಸಾಲ ಎತ್ತಿ. ದೊಡ್ಡ ಮಗಳಿಗೆ ಆಗ ಹತ್ತು ವರ್ಷ. ಅಪ್ಪ ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿನಿಂದಲೇ ಎಷ್ಟು ಕುಡಿದಿದ್ದಾನೆ ಅಂತ ಹೇಳುತ್ತಿದ್ದಳು.

ಯಾರಾದರೂ ಬುದ್ಧಿ ಹೇಳಿದರೆ ಅಕ್ಕನದು ಒಂದೇ ಮಾತು. “ನಾ ಇಲ್ಲಂದ್ರ ಅವ್ರ ಗತಿ ಏನ್ರಿ?”

ಆ ಮಾತಿನಲ್ಲಿ ಸಂಕಟ ಇತ್ತು. ಸ್ವಲ್ಪ ಹೆಮ್ಮೆಯೂ ಇತ್ತು. ಇವೆರಡೂ ಸೇರಿ ಬಿದ್ದ ಗಂಟಿಗೆ ಈಗ ಕೋಡಿಪೆಂಡೆನ್ಸಿ ಎನ್ನುತ್ತಾರೆ. ಇನ್ನೊಬ್ಬರ ಚಟದ ಭಾರವನ್ನೆಲ್ಲ ತಾವೇ ಹೊತ್ತು, ಹೊರುವುದರಲ್ಲೇ ತಮ್ಮ ಬೆಲೆ ಕಾಣುವುದು. ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ಪದ ನೆಲೆ ನಿಂತಿಲ್ಲ. ‘ಪರಸ್ಪರಾವಲಂಬನೆ’ ಅಂದರೆ ಅರ್ಥವೇ ತಿರುಗುತ್ತದೆ. ಅದು ಸಂಸಾರದಲ್ಲಿ ಇರಲೇಬೇಕಾದದ್ದು.

ಪದ ಹುಟ್ಟಿದ್ದು ಅಮೆರಿಕದಲ್ಲಿ, ಕುಡುಕರ ಮನೆಗಳ ಸುತ್ತಲೇ. ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ 1935ರಲ್ಲಿ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದರು. ಬಿಲ್ ಕುಡಿತ ಬಿಟ್ಟಿದ್ದ. ಹೆಂಡತಿ ಲೋಯಿಸ್ ಖುಷಿಯಾಗಿರಬೇಕಿತ್ತು ಅಲ್ವಾ? ಒಂದು ದಿನ ಮೀಟಿಂಗಿಗೆ ಬೇಗ ಹೊರಡು ಅಂದ ಗಂಡನ ಮೇಲೆ ಆಕೆ ಬೂಟು ಎಸೆದಳು. ಆ ಸಿಟ್ಟು ಆಕೆಗೇ ಆಶ್ಚರ್ಯ ತಂದಿತು. ವರ್ಷಗಟ್ಟಲೆ ಅವನನ್ನು ಸಂಭಾಳಿಸುವುದೇ ಆಕೆಯ ಬದುಕಾಗಿತ್ತು. ಈಗ ಅವನಿಗೆ ಆಕೆಯ ಕಾವಲು ಬೇಕಿರಲಿಲ್ಲ. 1951ರಲ್ಲಿ ಆಕೆ ಗೆಳತಿಯೊಬ್ಬಳ ಜೊತೆ ಸೇರಿ ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಶುರು ಮಾಡಿದಳು.

ಇಂಥವರನ್ನು ಮೊದಮೊದಲು ‘ಕೋ-ಆಲ್ಕೊಹಾಲಿಕ್’ ಅನ್ನುತ್ತಿದ್ದರು. ಆಮೇಲೆ ಅಲ್ಲಿನ ಚಿಕಿತ್ಸಾ ಕೇಂದ್ರಗಳು ಕುಡಿತ, ಡ್ರಗ್ಸ್ ಎರಡಕ್ಕೂ ‘ಕೆಮಿಕಲ್ ಡಿಪೆಂಡೆನ್ಸಿ’ ಎಂಬ ಒಂದೇ ಹೆಸರಿಟ್ಟವು. ಜೊತೆಗಿದ್ದವರು ‘ಕೋಡಿಪೆಂಡೆಂಟ್’ ಆದರು.

1986ರಲ್ಲಿ ಈ ಪದ ಕೆರೆ ಕೋಡಿ ಬಿದ್ದ ಹಾಗೆ ಹರಿಯಿತು. ಮೆಲೊಡಿ ಬೀಟಿ ಇದರ ಬಗ್ಗೆ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ವರ್ಷ ಅರಿಜೋನಾದ ಫೀನಿಕ್ಸ್‌ನಲ್ಲಿ ಇಂಥವರದೇ ಕೂಟ, ಕೋ-ಡಿಪೆಂಡೆಂಟ್ಸ್ ಅನಾನಿಮಸ್ ಹುಟ್ಟಿತು. ಟಿಮ್ಮೆನ್ ಸರ್ಮಾಕ್ ಎಂಬ ಮನೋವೈದ್ಯರು ಇದನ್ನೊಂದು ಕಾಯಿಲೆ ಅಂತಲೇ ಸೇರಿಸಿ ಎಂದರು. ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿಸಲಿಲ್ಲ. 2013ರ ಆವೃತ್ತಿಯಲ್ಲೂ ಅದಿಲ್ಲ. ಅಷ್ಟರಲ್ಲಿ ಅಮ್ಮನ ಕಾಳಜಿ, ಪ್ರೇಮಿಯ ಹಟ, ಗೆಳೆಯನ ಸಂಕೋಚ ಎಲ್ಲಕ್ಕೂ ಅದೇ ಹಣೆಪಟ್ಟಿ ಬಿದ್ದಿತ್ತು. ಸ್ತ್ರೀವಾದಿಗಳು ತಕರಾರು ತೆಗೆದರು. ಸಹಿಸಿಕೋ ಅಂತ ಬೆಳೆಸಿದವರೂ ನೀವೇ, ಸಹಿಸಿದರೆ ರೋಗ ಅನ್ನುವವರೂ ನೀವೇನಾ ಅಂತ. ನನಗೂ ಆ ತಕರಾರು ಸರಿ ಅನಿಸುತ್ತದೆ. ಅಕ್ಕನಿಗೆ ರೋಗದ ಹೆಸರು ಬೇಕಿರಲಿಲ್ಲ.

ಆದರೆ ಪದ ತೋರಿಸುವ ಕೆಲಸವನ್ನಂತೂ ನೋಡಲೇಬೇಕು. ಮೇಸ್ತ್ರಿಯ ಬೈಗುಳ ಅಕ್ಕ ತಿಂದಳು. ಉದ್ರಿಯ ನಾಚಿಕೆಯೂ ಅವಳದೇ ಆಯಿತು. ಕುಡಿದವನಿಗೆ ತಲೆನೋವು ಬಿಟ್ಟರೆ ಏನೂ ತಟ್ಟಲಿಲ್ಲ. ಮತ್ತೆ ಅವನು ಯಾಕೆ ಬಿಡಬೇಕು?

ನಮ್ಮಲ್ಲಿ ಕುಡಿತದ ಮಾತು ಬಂದರೆ ಎಲ್ಲರ ಕಣ್ಣೂ ಬಾಟಲಿ ಮೇಲೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಚಟಗಳನ್ನೇ ಭಿಕ್ಷೆ ಬೇಡಿದರು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಮನೆಯಲ್ಲಿ ಎಲ್ಲವನ್ನೂ ಮುಚ್ಚಿಡುವವಳನ್ನು ಕೇಳಿದವರು ಕಡಿಮೆ. ಹಾಗಂತ ಇದು ನಮ್ಮ ನೆಲಕ್ಕೆ ಹೊಸ ಮಾತಲ್ಲ. ಬೀದರ್ ಜಿಲ್ಲೆಯ ಕಲ್ಯಾಣದಲ್ಲೇ, ಅಕ್ಕಿ ಆಯ್ದು ತರುವ ಮಾರಯ್ಯ ಒಂದು ದಿನ ಜಾಸ್ತಿ ತಂದಾಗ ಲಕ್ಕಮ್ಮ ಸುಮ್ನೆ ಬೇಯಿಸಿ ಬಡಿಸಲಿಲ್ಲ. ತಂದಲ್ಲೇ ಸುರಿದು ಬನ್ನಿ ಅಂದಳು ಎಂಬುದು ಇಲ್ಲಿ ಎಲ್ಲರೂ ಕೇಳಿದ ಕಥೆ.

ಹೊಡೆತ ಇರುವ ಮನೆಗೆ ಮಾತ್ರ ಈ ಪದ ತರಬಾರದು. ಹೆದರಿಕೊಂಡು ಇರುವವಳು ಕೋಡಿಪೆಂಡೆಂಟ್ ಅಲ್ಲ. ಅವಳಿಗೆ ಬೇಕಾದದ್ದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, 181 ಸಹಾಯವಾಣಿ. ಮನಸ್ಸು ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕಳೆದ ವರ್ಷ ಒಂದು ಬೆಳಗ್ಗೆ ಆ ಮನೆಯಲ್ಲಿ ಮೇಸ್ತ್ರಿಯದೇ ಫೋನ್ ಬಂತು. ಅಕ್ಕ ಎತ್ತಲಿಲ್ಲ. ರಿಂಗ್ ಆಗುತ್ತಿದ್ದ ಫೋನನ್ನು ಗಂಡನ ಕಿವಿಯ ಹತ್ತಿರ ಇಟ್ಟು ರೊಟ್ಟಿ ಬಡಿಯಲು ಕೂತಳು. ಗೋಡೆಯಾಚೆ ನಾವೂ ಕಿವಿ ಕೊಟ್ಟೆವು. ಬಹಳ ಹೊತ್ತಿನ ಮೇಲೆ ಅವನು ಫೋನ್ ಎತ್ತಿದ.

“ಜ್ವರ ಬಂದಾವ್ರಿ,” ಅಂದ.