ಹುಲ್ಲಿನ ಔಷಧಿಗೂ ಬಗ್ಗದ ಹುಲ್ಲು

ಪ್ರಶ್ನೆ: ಕೆನಡಾದ ನೋವಾ ಸ್ಕೋಷಿಯಾದ ಕಾಡು ಬ್ಲೂಬೆರಿ ಹೊಲಗಳಲ್ಲಿ, ಹುಲ್ಲಿಗೆಂದೇ ಇರುವ ಕಳೆನಾಶಕ ಹೊಡೆದರೂ ಒಂದು ಜಾತಿಯ ಹುಲ್ಲು ಸಾಯುವುದಿಲ್ಲವಂತೆ. ಯಾಕೆ? ಉತ್ತು ತೆಗೆದರಾಗದೇ?

ಉತ್ತರ: ಉಳುವ ಮಾತು ಅಲ್ಲಿ ನಡೆಯುವುದಿಲ್ಲ. ಈ ಬ್ಲೂಬೆರಿಯನ್ನು ಯಾರೂ ಸಾಲು ಹಿಡಿದು ನೆಟ್ಟಿಲ್ಲ. ಕಾಡು ಕಡಿದ ಜಾಗದಲ್ಲಿ, ಪಾಳು ಹೊಲದಲ್ಲಿ ತಾನಾಗಿ ಬಂದ ಕುಳ್ಳ ಪೊದೆಗಳವು. ನೆಲದೊಳಗೆ ಕಾಂಡ ಹರಿಸಿಕೊಂಡು ಹಬ್ಬುತ್ತವೆ. ರಾಗಿ ಹೊಲದ ಹಾಗೆ ಎಡೆಕುಂಟೆ ಹೊಡೆದರೆ ಕಳೆಗಿಂತ ಮೊದಲು ಬೆಳೆಯೇ ಕಿತ್ತುಬರುತ್ತದೆ. ಒಂದು ವರ್ಷ ಗಿಡವನ್ನು ನೆಲಮಟ್ಟಕ್ಕೆ ಸವರುವುದು ಅಥವಾ ಸುಡುವುದು, ಮರುವರ್ಷ ಹಣ್ಣು ಕೊಯ್ಯುವುದು, ಇಷ್ಟೇ ಬೇಸಾಯ. ವರ್ಷಾನುಗಟ್ಟಲೆ ಬಾಳುವ ಹುಲ್ಲಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು.

ನೀವು ಕೇಳಿದ ಹುಲ್ಲು ಹೇರ್ ಫೆಸ್ಕ್ಯೂ. ಎಲೆ ಸೂಜಿಯಷ್ಟು ಸಪೂರ, ಒತ್ತೊತ್ತಾದ ಗುಪ್ಪೆ, ಬುಡದಲ್ಲಿ ಹಳೆಯ ಒಣಗರಿಗಳ ಮೆತ್ತೆ. ಸೆಥಾಕ್ಸಿಡಿಮ್, ಫ್ಲುವಾಜಿಫಾಪ್‌ನಂಥ ಔಷಧಿಗಳು ಹುಲ್ಲಿನಲ್ಲಿ ಕೊಬ್ಬು ತಯಾರಿಸುವ ಒಂದು ಕಿಣ್ವವನ್ನು ತಡೆದು ಅದನ್ನು ಕೊಲ್ಲುತ್ತವೆ. ಸಪೂರ ಎಲೆಯ ಫೆಸ್ಕ್ಯೂಗಳಲ್ಲಿ ಆ ಕಿಣ್ವದ ರಚನೆಯೇ ಬೇರೆ, ಔಷಧಿ ಅದಕ್ಕೆ ಹತ್ತುವುದೇ ಇಲ್ಲ. ಪ್ರಮಾಣ ಹೆಚ್ಚಿಸಿ ಹೊಡೆದರೆ ದುಡ್ಡು ದಂಡ. 1980ರ ದಶಕದಿಂದ ನೆಚ್ಚಿಕೊಂಡಿದ್ದ ಹೆಕ್ಸಾಜಿನೋನ್ ಎಂಬ ಇನ್ನೊಂದು ಕಳೆನಾಶಕ ಕೂಡ ಈಗ ಈ ಹುಲ್ಲಿನ ಮೇಲೆ ಹಲವು ಕಡೆ ಮೊದಲಿನಂತೆ ನಾಟುತ್ತಿಲ್ಲ. ಮೇಲಾಗಿ ಅದು ಮಣ್ಣಿನಲ್ಲಿ ಇಳಿದು ಅಂತರ್ಜಲ ಸೇರುವ ಸ್ವಭಾವದ್ದು.

ಕೆಲಸಕ್ಕೆ ಬರುವುದು ಪ್ರೊನಮೈಡ್ ಎಂಬ ಕಳೆನಾಶಕ. ಇದನ್ನು ಹಾಕುವ ಹೊತ್ತು ನಮಗೆ ವಿಚಿತ್ರ ಎನಿಸಬಹುದು: ಕೊಯ್ಲೆಲ್ಲ ಮುಗಿದ ಮೇಲೆ, ನೆಲ ಹೆಪ್ಪುಗಟ್ಟುವ ಮುಂಚೆ, ಚಳಿ ಹಿಡಿದ ಮಣ್ಣಿಗೆ. ಬೆಚ್ಚಗಿನ ಮಣ್ಣಿನಲ್ಲಿ ಅದು ಬೇಗ ಕರಗಿಹೋಗುತ್ತದೆ. ತಣ್ಣಗಿದ್ದರೆ ಉಳಿದು, ಬೇರಿನ ಮೂಲಕ ಒಳಸೇರಿ ನಿಧಾನವಾಗಿ ಕೊಲ್ಲುತ್ತದೆ. ಬೆಲೆ ಮಾತ್ರ ಜೋರು.

ಹಾಗಾಗಿ ಔಷಧಿಗಿಂತ ಬೀಜದ ಮೇಲೆ ಕಣ್ಣಿಡುವುದೇ ಜಾಣತನ ಎನ್ನುತ್ತೇನೆ. ಈ ಹುಲ್ಲು ಬೀಜದಿಂದಲೇ ಹರಡುತ್ತದೆ, ಆಗಸ್ಟ್ ಕೊಯ್ಲಿನ ಯಂತ್ರಕ್ಕೆ ಅಂಟಿಕೊಂಡು ಪಕ್ಕದ ಹೊಲಕ್ಕೆ ಹೋಗುತ್ತದೆ. ಹುಲ್ಲಿಲ್ಲದ ಹೊಲವನ್ನು ಮೊದಲು ಕೊಯ್ದು, ಹುಲ್ಲು ಹತ್ತಿದ್ದನ್ನು ಕೊನೆಗಿಟ್ಟುಕೊಳ್ಳಬೇಕು. ಯಂತ್ರ ಹೊಲ ದಾಟುವ ಮುನ್ನ ಗಾಳಿ ಹೊಡೆದು ಅದರ ಸಂದುಗೊಂದಿಗಳನ್ನೆಲ್ಲ ಚೊಕ್ಕ ಮಾಡಬೇಕು.