ಲಾರೆಲ್: ಪಲಾವ್ ಎಲೆಯ ನೆಂಟ ಕಿರೀಟವಾದ ಕಥೆ

ಓದಲು ಕೂರುವ ಮೊದಲು ಅಡುಗೆಮನೆಯಿಂದ ಒಂದು ಪಲಾವ್ ಎಲೆ ತಂದು ಬೆಳಕಿಗೆ ಹಿಡಿಯಿರಿ. ಬುಡದಿಂದಲೇ ಮೂರು ನರ ಹೊರಟು ಉದ್ದಕ್ಕೂ ತುದಿಯ ಕಡೆಗೆ ಓಡಿವೆಯಾ? ಹಾಗಿದ್ದರೆ ಅದು ತೇಜ್‌ಪತ್ತಾ. ಚಕ್ಕೆಯ ಬಳಗದ ಮರದ ಎಲೆ, ಮುರಿದು ಮೂಸಿದರೆ ಚಕ್ಕೆ, ಲವಂಗದ ವಾಸನೆ. ಲಾರೆಲ್ ಎಲೆ ಬೇರೆ. ಅದಕ್ಕೆ ನಡುವೆ ಒಂದೇ ದಪ್ಪ ನರ, ಅದರ ಎರಡೂ ಬದಿಗೆ ಸಣ್ಣ ನರಗಳ ಕವಲು. ಅಂಚು ಸ್ವಲ್ಪ ಅಲೆಅಲೆಯಾಗಿರುತ್ತದೆ. ಮುರಿದರೆ ನೀಲಗಿರಿ ಎಣ್ಣೆ ನೆನಪಾಗುತ್ತದೆ. ಸುಮ್ನೆ ಹಾಗನಿಸುವುದಲ್ಲ, ಎರಡರಲ್ಲೂ ಇರುವ ಮುಖ್ಯ ಅಂಶ ಸಿನಿಯೋಲ್ ಒಂದೇ. ಸೂಪರ್ ಮಾರ್ಕೆಟ್‌ನಲ್ಲಿ ಹೊರದೇಶದಿಂದ ಬಂದ 'ಬೇ ಲೀಫ್' (ಅದೇ ಲಾರೆಲ್ ಎಲೆ) ಪೊಟ್ಟಣ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದ ಚಿತ್ರಕ್ಕಿಂತ ಇದು ಜಾಸ್ತಿ ನೆನಪಿರುತ್ತದೆ.

ಗಿಡದ ಹೆಸರು ಲಾರಸ್ ನೊಬಿಲಿಸ್. ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳದ್ದು. ವರ್ಷವಿಡೀ ಹಸಿರಾಗಿರುತ್ತದೆ. ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದು ಮರದಲ್ಲಿ. ವಸಂತದಲ್ಲಿ ತಿಳಿ ಹಳದಿಯ ಪುಟ್ಟ ಹೂ ಬಿಟ್ಟು, ಹೆಣ್ಣು ಮರದಲ್ಲಿ ಮಾತ್ರ ಒಂಟಿ ಬೀಜದ ಕಪ್ಪು ಹಣ್ಣಾಗುತ್ತದೆ. ಸಿರಿಯಾದ ಅಲೆಪ್ಪೊ ಊರಿನ ಹೆಸರಾಂತ ಸೋಪಿಗೆ ಈ ಹಣ್ಣಿನ ಎಣ್ಣೆಯನ್ನೇ ಹಾಕುತ್ತಾರೆ. ಚಕ್ಕೆ, ಕರ್ಪೂರದ ಮರ, ಬೆಣ್ಣೆಹಣ್ಣು ಎಲ್ಲವೂ ಇದೇ ಲಾರೇಸಿ ಕುಟುಂಬದವು. ಹಾಗಾಗಿ ತೇಜ್‌ಪತ್ತಾ ಲಾರೆಲ್‌ಗೆ ನೆಂಟ, ಆದರೆ ಲಾರೆಲ್ ಅಲ್ಲ.

ಹೆಸರು ಕೇಳಿ ಮೋಸಹೋಗಬೇಡಿ. ನಮ್ಮ ಕರಾವಳಿಯ ಸುರಹೊನ್ನೆಯನ್ನು ಇಂಗ್ಲಿಷ್ ಪುಸ್ತಕಗಳು 'ಅಲೆಕ್ಸಾಂಡ್ರಿಯನ್ ಲಾರೆಲ್' ಎನ್ನುತ್ತವೆ. ಮರದ ವ್ಯಾಪಾರದಲ್ಲಿ 'ಇಂಡಿಯನ್ ಲಾರೆಲ್' ಎಂದರೆ ನಮ್ಮ ಮತ್ತಿ ಮರ. ಎರಡಕ್ಕೂ ಲಾರೆಲ್‌ಗೂ ಯಾವ ಸಂಬಂಧವೂ ಇಲ್ಲ. ಕಣಗಿಲೆ ಎಲೆ ನೋಡಲು ಸ್ವಲ್ಪ ಹೀಗೇ ಇರುತ್ತದೆ, ಆದರೆ ಅದು ವಿಷ. ಪಲಾವಿಗೆ ಅಂದಾಜಿನ ಮೇಲೆ ಎಲೆ ಕೀಳುವವರು ಇದೊಂದನ್ನು ಮರೆಯಬಾರದು.

ಇನ್ನು ಕಥೆಗೆ ಬರೋಣ. ಗ್ರೀಕ್ ಭಾಷೆಯಲ್ಲಿ ಲಾರೆಲ್‌ಗೆ ಹೆಸರು ದಾಫ್ನೆ. ರೋಮನ್ ಕವಿ ಓವಿಡ್ ಹೇಳುವಂತೆ ದಾಫ್ನೆ ಪೆನಿಯಸ್ ಎಂಬ ನದಿದೇವನ ಮಗಳು. ಪ್ರೇಮದೇವನು ಅಪೊಲೊ ಎಂಬ ದೇವರಿಗೆ ಚಿನ್ನದ ಬಾಣ ಬಿಟ್ಟ, ಅವಳಿಗೆ ಸೀಸದ್ದು. ಅವನಿಗೆ ಮೋಹ, ಅವಳಿಗೆ ಹೇಸಿಗೆ. ಅವನು ಅಟ್ಟಿಸಿಕೊಂಡು ಬಂದ, ಅವಳು ಓಡಿದಳು. ಇನ್ನೇನು ಸಿಕ್ಕಿಬಿದ್ದೆ ಅನ್ನುವಾಗ ಅಪ್ಪನನ್ನು ಬೇಡಿಕೊಂಡು ಮರವಾದಳು. ತೊಗಟೆಯ ಕೆಳಗೆ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತಂತೆ. 'ಹೆಂಡತಿಯಾಗದಿದ್ದರೆ ನನ್ನ ಮರವಾದರೂ ಆಗು' ಎಂದು ಅಪೊಲೊ ಆ ಎಲೆಯನ್ನು ತನ್ನದಾಗಿಸಿಕೊಂಡ.

ಅಪೊಲೊನ ಗುಡಿಯಿದ್ದ ಗ್ರೀಸ್‌ನ ಡೆಲ್ಫಿಯಲ್ಲಿ ಹೇಳುತ್ತಿದ್ದ ಕಥೆ ಇನ್ನೊಂದು. ಪೈಥಾನ್ ಎಂಬ ಹಾವನ್ನು ಕೊಂದ ಅಪೊಲೊಗೆ ಕೊಲೆಯ ಮೈಲಿಗೆ ಅಂಟಿತು. ಅವನು ಟೆಂಪೆ ಕಣಿವೆಗೆ ಹೋಗಿ ಶುದ್ಧನಾಗಿ, ಲಾರೆಲ್ ಮುಡಿದು ಮರಳಿದ. ಟೆಂಪೆಯಲ್ಲಿ ಹರಿಯುವ ನದಿ ಯಾವುದು ಗೊತ್ತಾ? ಅದೇ ಪೆನಿಯಸ್, ದಾಫ್ನೆಯ ಅಪ್ಪ. ಒಂದು ಕಥೆಯಲ್ಲಿ ಈ ಎಲೆ ಕೈಗೆ ಸಿಗದ ಹುಡುಗಿಯ ಗುರುತು, ಇನ್ನೊಂದರಲ್ಲಿ ರಕ್ತದ ಕೈ ತೊಳೆದ ಗುರುತು. ಎರಡರಲ್ಲೂ ಶುರುವಿಗೆ ಬಿರುದು ಬಾವಲಿ ಇಲ್ಲ. ನನಗೆ ಈ ಗಿಡದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ.

ಕಿರೀಟವಾಗಿದ್ದು ಡೆಲ್ಫಿಯ ಪಿಥಿಯನ್ ಕ್ರೀಡೆಗಳಲ್ಲಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಕ್ರೀಡೆಗಳಲ್ಲಿ ಓಟ, ಕುಸ್ತಿಯ ಜೊತೆಗೆ ಹಾಡು, ವಾದ್ಯದ ಸ್ಪರ್ಧೆಯೂ ಇತ್ತು. ಗೆದ್ದವರಿಗೆ ಲಾರೆಲ್ ಮಾಲೆ. ಅಪೊಲೊ ಸಂಗೀತದ ದೇವರೂ ಹೌದಲ್ವಾ, ಆದ್ದರಿಂದಲೇ ಕವಿಗಳಿಗೂ ಈ ಎಲೆ ಸಂದಿತು. ಒಲಿಂಪಿಕ್ಸ್‌ನಲ್ಲಿ ಕೊಡುತ್ತಿದ್ದದ್ದು ಮಾತ್ರ ಕಾಡು ಆಲಿವ್. ಒಂದು ಕ್ವಿಜ್‌ನಲ್ಲಿ ನಾನು ಇದಕ್ಕೆ ಲಾರೆಲ್ ಎಂದು ಬರೆದು ಅಂಕ ಕಳೆದುಕೊಂಡಿದ್ದೇನೆ. ಗ್ರೀಸ್‌ನದೇ ಇನ್ನೊಂದು ಊರು ನೆಮಿಯಾದ ಕ್ರೀಡೆಗಳಲ್ಲಿ ಕಾಡು ಸೆಲರಿ ಸೊಪ್ಪಿನ ಮಾಲೆ. ವಿಶ್ವಸಂಸ್ಥೆಯ ಬಾವುಟದಲ್ಲಿರುವ ಎರಡು ಕೊಂಬೆಗಳೂ ಆಲಿವ್‌ನವೇ.

ರೋಮ್‌ನಲ್ಲಿ ಇದು ಸೈನ್ಯದ ಎಲೆಯಾಯಿತು. ಯುದ್ಧ ಗೆದ್ದ ಸೇನಾಪತಿ ಲಾರೆಲ್ ಮುಡಿದು ರಥದಲ್ಲಿ ಮೆರವಣಿಗೆ ಹೊರಡುತ್ತಿದ್ದ, ಹಿಂದೆ ಸೈನಿಕರೂ ಅದನ್ನೇ ಮುಡಿದು ನಡೆಯುತ್ತಿದ್ದರು. ಕೊಂದ ರಕ್ತದ ಮೈಲಿಗೆ ಕಳೆಯಲೆಂದೇ ಹಾಗೆ ಎಂದು ಕೆಲವು ರೋಮನ್ನರೇ ವಿವರಣೆ ಕೊಟ್ಟಿದ್ದಾರೆ, ಡೆಲ್ಫಿಯ ಕಥೆಯ ಹಾಗೆಯೇ. ಸದಾ ಲಾರೆಲ್ ಮುಡಿಯುವ ಹಕ್ಕು ಜೂಲಿಯಸ್ ಸೀಸರ್‌ಗೆ ಸಿಕ್ಕಾಗ ಅವನಿಗೆ ಬಹಳ ಖುಷಿಯಾಯಿತಂತೆ, ಬೋಳುತಲೆ ಮುಚ್ಚುತ್ತದಲ್ಲ ಎಂದು. ಸ್ಯುಟೋನಿಯಸ್ ಎಂಬ ಚರಿತ್ರಕಾರ ಬರೆದಿಟ್ಟ ಮಾತಿದು. ಸಿಡಿಲು ಲಾರೆಲ್‌ಗೆ ಹೊಡೆಯುವುದಿಲ್ಲ ಎಂಬ ನಂಬಿಕೆಯಿಂದ, ಗುಡುಗಿದಾಗಲೆಲ್ಲ ಟೈಬೀರಿಯಸ್ ಚಕ್ರವರ್ತಿ ಅದನ್ನು ತಲೆಗೇರಿಸಿಕೊಳ್ಳುತ್ತಿದ್ದ ಎಂದೂ ಅವನೇ ಹೇಳುತ್ತಾನೆ. ಇಷ್ಟೆಲ್ಲ ಇದ್ದರೂ ರೋಮ್‌ನ ಅತಿ ದೊಡ್ಡ ಸೈನಿಕ ಗೌರವ ಲಾರೆಲ್ ಅಲ್ಲ. ಮುತ್ತಿಗೆಗೆ ಸಿಕ್ಕ ಇಡೀ ಪಡೆಯನ್ನು ಉಳಿಸಿದವನಿಗೆ ಆ ರಣರಂಗದಲ್ಲೇ ಕಿತ್ತ ಹುಲ್ಲಿನ ಮಾಲೆ ಹಾಕುತ್ತಿದ್ದರು.

ಕವಿಗಳ ಕಡೆಗೆ ಬಂದರೆ, ನೆನಪಿಡಬೇಕಾದ ದಿನ 1341ರ ಏಪ್ರಿಲ್ 8. ಅಂದು ರೋಮ್‌ನ ಕ್ಯಾಪಿಟಲ್ ಬೆಟ್ಟದ ಮೇಲೆ ಇಟಲಿಯ ಕವಿ ಪೆಟ್ರಾರ್ಕ್‌ಗೆ ಲಾರೆಲ್ ಮುಡಿಸಿದರು. ಅವನು ಕವಿತೆಗಳಲ್ಲಿ ಹಾಡಿದ ಹೆಣ್ಣಿನ ಹೆಸರು ಲೌರಾ, ಇಟಾಲಿಯನ್‌ನಲ್ಲಿ ಈ ಗಿಡದ ಹೆಸರು ಲೌರೊ. ಈ ಎರಡು ಪದಗಳ ನಡುವೆ ಅವನು ಜೀವನವಿಡೀ ಆಟವಾಡಿದ. 1668ರಲ್ಲಿ ಇಂಗ್ಲೆಂಡಿನ ರಾಜನು ಕವಿ ಡ್ರೈಡನ್‌ನನ್ನು 'ಪೊಯೆಟ್ ಲಾರಿಯೇಟ್', ಅಂದರೆ ಲಾರೆಲ್ ಮುಡಿದ ಕವಿಯಾಗಿ ನೇಮಿಸಿದ. ನಮ್ಮಲ್ಲಿ ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ಅವರಿಗೆ ಸಂದ 'ರಾಷ್ಟ್ರಕವಿ' ಬಿರುದು ಹೆಚ್ಚುಕಡಿಮೆ ಇದೇ ಬಗೆಯದು, ಆದರೆ ಆ ಪದದಲ್ಲಿ ಎಲೆಯ ಸುಳಿವಿಲ್ಲ. 'ನೊಬೆಲ್ ಲಾರಿಯೇಟ್' ಎಂಬುದನ್ನು ಕನ್ನಡ ಪತ್ರಿಕೆಗಳು 'ನೊಬೆಲ್ ಪುರಸ್ಕೃತ' ಎಂದಾಗಲೂ ಎಲೆ ಉದುರಿಹೋಗುತ್ತದೆ.

ಇಟಲಿಯಲ್ಲಿ ಉದುರಿಲ್ಲ. ಅಲ್ಲಿ ಪದವಿಗೇ 'ಲಾರಿಯಾ' ಎನ್ನುತ್ತಾರೆ. ಪದವಿ ಮುಗಿದ ದಿನ ಹುಡುಗ ಹುಡುಗಿಯರು ನಿಜವಾದ ಎಲೆಯ ಮಾಲೆಯನ್ನು ತಲೆಗೆ ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಾರೆ. ಅದೇ ಎಲೆ ಒಂದೆರಡನ್ನು ಅಲ್ಲಿನ ಅಡುಗೆಮನೆಗಳಲ್ಲಿ ಕುದಿಯುವ ಪಾತ್ರೆಗೆ ಹಾಕಿ, ಬಡಿಸುವ ಮೊದಲು ಆರಿಸಿ ಪಕ್ಕಕ್ಕಿಡುತ್ತಾರೆ.